ನಾಟಕ ಮುಗಿದ ಮೇಲೆ

ನಮ್ಮ ಸಂಘದ ಗಣೇಶನ ಹಬ್ಬದ ನಾಟಕ ಮುಗಿದಿತ್ತು. ನಮ್ಮ ಪುಟ್ಟ ನಟಿಯೊಬ್ಬಳು ಮುಖದ ಬಣ್ಣ ಒರೆಸಿಕೊಳ್ಳುತ್ತಾ ಕೇಳಿದಳು: "ಆಂಟಿ, ಎಲ್ಲರೂ ಸೂಪರ್ ಅಂದು ಊಟದ ಕ್ಯೂಗೆ ಓಡಿದರು. ಏನು ಸೂಪರ್ ಅಂತ ಯಾರೂ ಹೇಳಲೇ ಇಲ್ವಲ್ಲ?" ಆಗ ನಕ್ಕು ಸುಮ್ಮನಾದೆ. ಈಗ ಸಂಪಾದಕೀಯ ಬರೆಯಲು ಕೂತರೆ (ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು!) ಬೇರೇನೂ ಹೊಳೆಯುತ್ತಿಲ್ಲ. ಹೆಗ್ಗೋಡು ನೆನಪಾಗುತ್ತಿದೆ.

ಅಲ್ಲಿನ ನೀನಾಸಮ್ ಬಗ್ಗೆ ನಿಮಗೆ ಹೊಸದಾಗಿ ಹೇಳಬೇಕಾಗಿಲ್ಲ. ಸಾಗರದ ಹತ್ತಿರ, ಅಡಿಕೆ ತೋಟಗಳ ನಡುವೆ 1949ರಲ್ಲಿ ಹುಟ್ಟಿದ ಊರ ನಾಟಕ ಸಂಘ. ಅದನ್ನು ಕಟ್ಟಿ ಬೆಳೆಸಿದ ಕೆ.ವಿ. ಸುಬ್ಬಣ್ಣ, 1980ರ ರಂಗಶಿಕ್ಷಣ ಕೇಂದ್ರ, 1985ರಿಂದ ಊರೂರು ಸುತ್ತಿದ ನಾಟಕ ತಂಡ ತಿರುಗಾಟ, 1991ರಲ್ಲಿ ಸುಬ್ಬಣ್ಣನವರಿಗೆ ಬಂದ ಮ್ಯಾಗ್ಸೆಸೆ ಪ್ರಶಸ್ತಿ, ಎಲ್ಲ ಗೊತ್ತಿರುವುದೇ. ನನಗೆ ನೆನಪಿರುವುದು ಅಕ್ಟೋಬರಿನ ಸಂಸ್ಕೃತಿ ಶಿಬಿರದ ಬೆಳಗುಗಳು.

ರಾತ್ರಿ ಶಿವರಾಮ ಕಾರಂತ ರಂಗಮಂದಿರದಲ್ಲಿ ನಾಟಕ. ಮರುದಿನ ಬೆಳಿಗ್ಗೆ ಅದರ ಮೇಲೆ ಚರ್ಚೆ. ನಾಟಕ ಮಾಡಿಸಿದವರು ಎದುರಿಗೇ ಕೂತಿರುತ್ತಿದ್ದರು. ಒಂದು ದಿನ ಪಂಚೆ ಉಟ್ಟ ತೋಟದ ಯಜಮಾನರೊಬ್ಬರು ಎದ್ದು ನಿಂತರು. "ಗಂಡ ಸತ್ತಾಗ ಆ ಹೆಂಗಸು ಅಷ್ಟು ಜೋರಾಗಿ ಯಾಕೆ ಅಳಬೇಕಿತ್ತು? ಅಪ್ಪ ಹೋದ ದಿನ ನಮ್ಮಮ್ಮ ಅಳಲೇ ಇಲ್ಲ. ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬಂದಳು" ಅಂದರು. ನಿರ್ದೇಶಕರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಕೆ ಆಮೇಲಾದರೂ ಅತ್ತರಾ?" ಅಂತ ಕೇಳಿದರು. ಪಕ್ಕದಲ್ಲಿದ್ದ ಮೇಷ್ಟ್ರೊಬ್ಬರು ಇದನ್ನು ಒಪ್ಪಲಿಲ್ಲ, ನಾಟಕದ ಅಳು ಬೇರೆ ಅಂತ ವಾದಕ್ಕಿಳಿದರು. ಆ ಜಗಳ ಊಟದ ಪಂಕ್ತಿಯವರೆಗೂ ನಡೆಯಿತು. ಯಾರಿಗೂ ಅಂಜಿಕೆ ಇರಲಿಲ್ಲ. 1970ರ ದಶಕದಲ್ಲೇ ಜಪಾನಿನ ಕುರೊಸಾವಾ, ಸತ್ಯಜಿತ್ ರೇ ಸಿನಿಮಾ ನೋಡಿ ಚರ್ಚೆ ಮಾಡಿದ ಊರು ಅಲ್ವಾ!

ನಮ್ಮಲ್ಲಿ ಮೈಕು, ಲೈಟು, ಬಾಡಿಗೆ ಹಾಲ್ ಎಲ್ಲ ಇದೆ. ಚಪ್ಪಾಳೆಗೂ ಬರವಿಲ್ಲ. ತಿಂಗಳುಗಟ್ಟಲೆ ಪ್ರಾಕ್ಟೀಸ್ ಮಾಡಿದವರಿಗೆ ಹೊಗಳಿಕೆ ಬೇಕು, ನಿಜ. ಆದರೆ ಎಲ್ಲಿ ಬೋರಾಯಿತು, ಯಾವ ಮಾತು ನಾಟಿತು ಅಂತ ಯಾರೂ ಹೇಳದಿದ್ದರೆ ಮುಂದಿನ ವರ್ಷವೂ ಅದೇ ನಾಟಕ, ಅದೇ ಸೂಪರ್.

ಅದಕ್ಕೇ ಈ ಸಲದ ರಾಜ್ಯೋತ್ಸವದಲ್ಲಿ (ನವೆಂಬರ್ ಎರಡನೇ ಶನಿವಾರ, ಸಂಜೆ 4ಕ್ಕೆ ಸರಿಯಾಗಿ) ನಾಟಕದ ನಂತರ ಅರ್ಧ ಗಂಟೆ ಮಾತು, ಆಮೇಲೆ ಊಟ. ಅಡುಗೆ ಸಮಿತಿ ಗೊಣಗುತ್ತಲೇ ಒಪ್ಪಿದೆ. ಮಕ್ಕಳಿಗೆ ಮೊದಲು ಮಾತಾಡುವ ಅವಕಾಶ.

ಇನ್ನಷ್ಟು ಸುದ್ದಿ, ಅವಸರದಲ್ಲಿ: ದೀಪಾವಳಿ ವಾರ ಕನ್ನಡ ಶಾಲೆಗೆ ರಜೆ. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಯವರನ್ನು ಕಂಡರೆ ತಪ್ಪಿಸಿಕೊಳ್ಳಬೇಡಿ. ಕುರ್ಚಿ ಮಡಚಿ ಹಾಲ್ ಗುಡಿಸಲು ಜನ ಬೇಕು, ಪ್ರತಿ ಸಲ ಅದೇ ನಾಲ್ಕು ಮುಖ. ಈ ಸುದ್ದಿಪತ್ರಕ್ಕೂ ಕನ್ನಡ ಟೈಪ್ ಮಾಡುವವರು ಒಬ್ಬರು ಬೇಕೇ ಬೇಕು. ವಾರಕ್ಕೆ ಒಂದು ಗಂಟೆ ಕೊಟ್ಟರೂ ಸಾಕು, ಒತ್ತು ದೀರ್ಘ ನಾನು ನೋಡಿಕೊಳ್ತೇನೆ.