ಅವ್ವನ್ನ ಹುಬ್ಬಳ್ಳಿಗೆ ಕರಕೊಂಡು ಬರೂಕ್ಕಿಂತ ಮೊದಲ

ಟಕಮಾತ್ಸು, ಜಪಾನ್

ಅಣ್ಣಾ, ಶರಣು. ವೈನಿನ್ನ, ಹುಡುಗೂರನ್ನ ಕೇಳಿದೆ ಅಂತ ಹೇಳು.

ಮೊನ್ನೆ ಫೋನಿನಾಗ ಬೆಟಗೇರಿ ಮನಿಗೆ ಕೀಲಿ ಹಾಕಿ ಅವ್ವನ್ನ ಹುಬ್ಬಳ್ಳಿ ಫ್ಲ್ಯಾಟಿಗೆ ಕರಕೊಂಡು ಬರ್ತೀನಿ ಅಂದಿ, ಡ್ಯೂಟಿ ಮ್ಯಾಲ ಇದ್ದೆ, ಸರಿಯಾಗಿ ಮಾತಾಡಾಕ ಆಗ್ಲಿಲ್ಲ. ವಾಟ್ಸಾಪ್‌ನಾಗ ಬರದ್ರ ನೀ ಅರ್ಧಾ ಓದಿ ಹೆಬ್ಬೆಟ್ಟು ಒತ್ತಿ ಬಿಡ್ತಿ, ಅದಕ್ಕ ಪತ್ರ.

ಹೋದ ರವಿವಾರ ಓಗಿಜಿಮಾ ಅಂತ ಒಂದ್ ಸಣ್ಣ ದ್ವೀಪಕ್ಕ ಹೋಗಿದ್ದೆ, ಇಲ್ಲಿಂದ ಫೆರಿಯಾಗ 40 ನಿಮಿಷ. ಈ ದೇಶದಾಗ ಈಗ 100 ಮಂದಿಯೊಳಗ ಹತ್ರ ಹತ್ರ 29 ಮಂದಿ 65 ದಾಟಿದವ್ರು, ದ್ವೀಪದಾಗಂತೂ ಎಲ್ಲಿ ನೋಡಿದ್ರೂ ಅಜ್ಜಾ ಅಜ್ಜಿನ. ಊರು ಪೂರಾ ಗುಡ್ಡದ ಮ್ಯಾಲೈತಿ, ಓಣಿ ಎಷ್ಟ್ ಇಕ್ಕಟ್ಟಂದ್ರ ಕಾರ್ ಬಿಡು, ನಮ್ಮ ಆಟೋನೂ ತೂರಂಗಿಲ್ಲ. ಆದ್ರೂ ಅಜ್ಜಿಗೋಳು ದಿನಾ ಹತ್ತಿ ಇಳೀತಾರ, ಅವ್ರ ಕಡೆ ಒಂಬಾ ಅಂತ ತಳ್ಳೂ ಗಾಡಿ ಇರ್ತಾವ, ನಾಕು ಗಾಲಿ ಮ್ಯಾಲ ಒಂದ್ ಪೆಟಗಿ, ಕಾಯಿಪಲ್ಲೆನೂ ಹಾಕಬಹುದು ಹಿಡಕೊಂಡು ನಡ್ಯಾಕೂ ಆಧಾರ. ಕೆಲವಕ್ಕ ಕಲಾವಿದರು ಭಾರೀ ಬಣ್ಣಾ ಹಚ್ಚ್ಯಾರ. ಕೋಲು ಅಂದ್ರ ಸಿಟ್ಟಿಗೇಳೂ ನಮ್ಮವ್ವ ಇದನ್ನಾದ್ರ ಹಿಡಿದಾಳು ಅನಿಸ್ತು.

ಇನ್ನೊಂದು, ಸೈಸೇಮಾರು ಅಂತ ಒಂದ್ ದವಾಖಾನಿ ಹಡಗ ಐತಿ, 1962ರಿಂದ ಈ ಒಳಸಮುದ್ರದ ದ್ವೀಪಗೋಳಿಗೆ ತಿರಗತೈತಿ. ಎಕ್ಸ್‌ರೇ, ಕ್ಯಾನ್ಸರ್ ತಪಾಸಣಿ ಎಲ್ಲಾ ಅದರಾಗ. ಮುದುಕರು ಡಾಕ್ಟರ್ ಕಡೆ ಹೋಗೂದಲ್ಲ, ಡಾಕ್ಟರ್ರ ಬಂದರಿಗೆ ಬರೂದು.

ಎಲ್ಲಾ ಚಂದ ಐತಿ ಅಂತ ಹೇಳಂಗಿಲ್ಲ ನಾ. ಕೀಲಿ ಬಿದ್ದ ಮನಿ ಬೇಕಾದಷ್ಟು ನೋಡಿದೆ, ದೊಡ್ಡ ಬ್ಯಾನಿ ಬಂದ್ರ ಸಮುದ್ರ ದಾಟಬೇಕು, ಹಾಸಿಗಿ ಹಿಡಿದವ್ರು ಬಹಳಷ್ಟು ಸಲ ಊರು ಬಿಟ್ಟ ಹೋಗಬೇಕಾಗತೈತಿ. ಮುಚ್ಚಿದ್ದ ಸಾಲಿ 2014ರಾಗ ಮತ್ತ ತಗದಾರಂತ, ಸಣ್ಣ ಮಕ್ಕಳಿದ್ದವ್ರು ವಾಪಸ್ ಬಂದಿದ್ದಕ್ಕ.

ಈಗ ಮುಖ್ಯ ಮಾತು. ಇಲ್ಲಿ 2000ರಿಂದ ಮುದುಕರ ಆರೈಕಿಗಂತ ವಿಮಾ ಐತಿ, 40 ಆತಂದ್ರ ಎಲ್ಲಾರೂ ಕಂತು ಕಟ್ಟಬೇಕು. ಅದರಾಗ ಆರೈಕಿ ಬೇಕಂತ ಗುರುತಾದವ್ರ ಮನಿಗೆ ಕೈಗಂಬಿ ಹಾಕ್ಸಾಕ, ಹೊಸ್ತಿಲ ಸಮಾ ಮಾಡ್ಸಾಕ, ಕಮೋಡ್ ಕೂಡ್ಸಾಕ 2 ಲಕ್ಷ ಯೆನ್ ಕೆಲಸದ ತನಕಾ ರೊಕ್ಕ ಸಿಗತೈತಿ, ಅದರಾಗ ಹತ್ತನೇ ಒಂದ್ ಪಾಲು, ಆದಾಯ ಜಾಸ್ತಿ ಇದ್ರ ಇನ್ನಷ್ಟು, ಮನಿಯವ್ರು ಹಾಕಬೇಕು. ಮುದುಕರು ಒಂದ್ ಸಲ ಜಾರಿ ಬಿದ್ದು ಟೊಂಕ ಮುರಕೊಂಡ್ರ ಆಮ್ಯಾಲಿನ ಖರ್ಚು ಇದರ ಎಷ್ಟೋ ಪಟ್ಟು, ಸರಕಾರಕ್ಕ ಆ ಲೆಕ್ಕ ಗೊತ್ತೈತಿ.

ನಮ್ಮ ಮನ್ಯಾಗ ಏನೈತಿ ನೋಡು, ಕಟ್ಟಿ ಪಾವಟಿಗಿಗೆ ಹಿಡ್ಯಾಕ ಏನಿಲ್ಲ, ಬಚ್ಚಲ ಕಲ್ಲು ಪಾಚಿಗಟ್ಟೈತಿ, ಪಾಯಖಾನಿ ಹಿತ್ತಲದಾಗ, ರಾತ್ರಿ ಅಲ್ಲಿ ಬಲ್ಬೂ ಇಲ್ಲ. ನಿನ್ನ ಫ್ಲ್ಯಾಟಿನಾಗ ಲಿಫ್ಟ್ ಐತಿ ಖರೆ, ಆದ್ರ ನೀವಿಬ್ರೂ ಆಫೀಸಿಗೆ ಹ್ವಾದ್ರ ಮುಂಜಾನಿಂದ ಸಂಜಿತನಾ ಆಕಿ ಯಾರ ಜೋಡಿ ಮಾತಾಡಬೇಕು? ಬೆಟಗೇರ್ಯಾಗ ಕಿರಾಣಿ ಅಂಗಡಿ, ಹಿಟ್ಟಿನ ಗಿರಣಿ, ಗುಡಿ ಎಲ್ಲಾ ನಡದ ಹೋಗ್ತಾಳ, ದಿನಾ ನಾಕ ಮಂದಿ ಕಟ್ಟಿಗೆ ಬಂದು ಕುಂದರ್ತಾರ. ಆಕಿನ್ನ ಎತ್ತಿ ಬ್ಯಾರೆ ಕಡೆ ಇಡೂದು ಸುಲಭ ಅನಸ್ತೈತಿ ನಮಗ, ಮನಿ ರಿಪೇರಿ ಮಾಡೂದು ತ್ರಾಸ, ಅಷ್ಟ.

ಗೌಂಡಿನ್ನ ಕರಿಸಿ ಕಂಬಿ, ಬಚ್ಚಲ, ಮನಿಯೊಳಗ ಒಂದ್ ಕಮೋಡ್ ಎಷ್ಟಕ್ಕಾಗತೈತಿ ಕೇಳು, ಅರ್ಧಾ ರೊಕ್ಕ ನಾ ಹಾಕ್ತೀನಿ. ಕಂಬಿ ಎಷ್ಟ್ ಎತ್ತರ ಇರ್ಬೇಕಂತ ಅವ್ವನ ಕೈ ಇಟ್ಟ ಅಳತಿ ತಗೋ, ಗೌಂಡಿ ಕೈಯಿಂದಲ್ಲ.

ನಿನ್ನ ತಮ್ಮ