ಪೈಪ್ ನಾನ ಕೊಯ್ದೀನಿ

ಉಣಕಲ್, ಹುಬ್ಬಳ್ಳಿ
ರವಿವಾರ ರಾತ್ರಿ

ಚಿ. ಕು. ತಂಗೆವ್ವಗ ನಿನ್ನ ಅವ್ವ ಮಾಡೋ ಆಶೀರ್ವಾದ. ಇತ್ತ ಎಲ್ಲಾರೂ ಆರಾಮ.

ನಿನ್ನೆ ಫೋನ್ ಇಟ್ಟ ಮ್ಯಾಲ ನೀ ಮತ್ತ ಎತ್ತಲಿಲ್ಲ. ವಾಟ್ಸಾಪಿನ್ಯಾಗ ಬರದ್ರ ನೀಲಿ ಗೆರಿ ಬರತಾವ, ಉತ್ತರ ಬರೂದಿಲ್ಲ. ಅದಕ್ಕ ಹಾಳ್ಯಾಗ ಬರದು, ನಾಳೆ ಪುಣೆಗೆ ಹೊಂಟ ಬಾಜೂ ಮನಿ ಹುಡುಗನ ಕೈಯಾಗ ಶೇಂಗಾ ಹೋಳಿಗಿ ಡಬ್ಬಿ ಜೋಡಿ ಕಳಸಾಕತ್ತೀನಿ. ಮೊದಲ ಹೋಳಿಗಿ ತಿನ್ನು, ಆಮ್ಯಾಲ ಓದು.

ಕಾರ್ಬೊರೇಟರ್ ತೆಗದು ನೀನ ಪೆಟ್ರೋಲ್ ಇಂಜೆಕ್ಷನ್ ಕೂಡಿಸಿದ ಹಳೇ ಬೈಕ್ ಪುಣೆಗೆ ಕಳಸು ಅಂದಿದ್ದಿಯಲ್ಲಾ, ಆ ಗಾಡಿ ರೈಲಿಗೆ ಹಾಕಿಲ್ಲ. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸೋ ಇಂಜೆಕ್ಟರಿಗೆ ಹೋಗೋ ಪೈಪ್ ನಡುವ ಕೊಯ್ದು ಇಟ್ಟೀನಿ, ನಿಮ್ಮಪ್ಪ ಮನಸ್ಸು ಕರಗಿ ಜೋಡಿಸಿ ಕಳಸಬಾರದು ಅಂತ. ಕೇಳದ ಕೊಯ್ದದ್ದಕ್ಕ ನಿನಗ ಸಿಟ್ಟು ಬಂದೀತು. ಬರ್ಲಿ. ನಿನ್ನ ಕೆಲಸಕ್ಕ ಕೈ ಹಾಕಿದ್ದಕ್ಕ ಬ್ಯಾಸರ ನಂಗೂ ಐತಿ, ಆದ್ರ ಮತ್ತ ಅದ ಪೈಪ್ ಕಂಡ್ರ ಮತ್ತ ಕೊಯ್ತೀನಿ.

ಹೆಂಗ ಕಂಡ್ತು ಅಂತ ಹೇಳತೀನಿ. ಪಾರ್ಸೆಲ್ ಆಫೀಸಿನ್ಯಾಗ ಟ್ಯಾಂಕ್ ಪೂರಾ ಖಾಲಿ ಇರಬೇಕು, ಆರ್‌ಸಿ ಝೆರಾಕ್ಸ್ ಬೇಕು, ಗೋಣಿಚೀಲ ಸುತ್ತಿರಬೇಕು ಅಂದ್ರು. ನಿಮ್ಮಪ್ಪ ಬೆಳಗಾವಿ ಡ್ಯೂಟಿಗೆ ಹೋಗಿದ್ರು. ಮೊದಲಿನ ಹಂಗ ಪೆಟ್ರೋಲ್ ಕಾಕ್ ತಿರುವಿ ಬಾಟ್ಲಿ ಹಿಡಿಯೋ ಗಾಡಿ ಇದಲ್ಲಲ್ಲಾ. ನೀ ತೋರಿಸಿದ ಹಂಗ, ಉಳದ ಪೆಟ್ರೋಲ್ ಟ್ಯಾಂಕಿಗೆ ತಿರುಗಿ ಒಯ್ಯೋ ರಿಟರ್ನ್ ಪೈಪ್ ಬಿಚ್ಚಿ ಕ್ಯಾನಿನ್ಯಾಗ ಬಿಟ್ಟು, ಕೀ ಆನ್ ಮಾಡಿದೆ. ಪಂಪ್ ಗುಂಯ್ ಅಂತು, ಎರಡು ಸೆಕೆಂಡಿಗೆ ನಿಂತ್ತು. ಆಫ್ ಮಾಡಿ ಮತ್ತ ಆನ್. ಹಿಂಗ ಮಾಡಕೋತ ಕುಂತಾಗ ಇಂಜಿನ್ ಹೆಡ್ಡಿನ ಮ್ಯಾಲ ಏನೋ ಮಿಂಚಿದಂಗಾತು. ಟಾರ್ಚ್ ಹಿಡದು ನೋಡಿದೆ. ಇಂಜೆಕ್ಟರ್ ಕಡಿ ಕ್ಲ್ಯಾಂಪಿನ ಪಟ್ಟಿಯೊಳಗ ಸಾಲಾಗಿ ಸೀಳು ಇರತಾವಲ್ಲಾ, ಆ ಸೀಳಿನ್ಯಾಗ ರಬ್ಬರ್ ಉಬ್ಬಿ ಹೊರಗ ಬಂದಿತ್ತು. ಒಂದು ಸೀಳಿನ ಅಂಚು ರಬ್ಬರನ್ನ ಕೊರದಿತ್ತು. ಕೀ ತಿರುವಿದ್ರ ಅಲ್ಲಿ ಜ್ವಾಳದ ಕಾಳಿನಷ್ಟು ಹನಿ ಮೂಡತೈತಿ, ಪಂಪ್ ನಿಂತ್ರ ಅಲ್ಲೇ ಆರಿ ಹೋಗತೈತಿ. ಒರಸಿ ನೋಡಿದ್ರ ಒಣಗಿದ್ದ ಇರತೈತಿ. ನಿನ್ನ ಕಣ್ಣಿಗೆ ಬೀಳದ ಇದ್ದದ್ದು ಅದಕ್ಕ ಇರಬೇಕು.

"ಮೂರು ತಿಂಗಳಾತು ಓಡಸಾಕತ್ತೀನಿ, ಏನಾಗೇತಿ?" ಅಂದಿ. ಹನಿ ಆಗೇತಿ.

ಆ ಪೈಪ್ ನನಗ ಗೊತ್ತಿಲ್ಲೇನು? ನಮ್ಮ ಅಂಗಡೀದ ಅದು. ಮೀಟರ್ ಲೆಕ್ಕಕ್ಕ ದಿನಾ ನಾನ ಕತ್ತರಿಸಿ ಕೊಡತೀನಿ, ಸ್ಪ್ಲೆಂಡರಿಗೆ, ಎಕ್ಸೆಲ್‌ಗೆ. ಕಾರ್ಬೊರೇಟರ್ ಗಾಡಿಗೆ ಅದು ಬರೋಬ್ಬರಿ. ಅಲ್ಲಿ ಪೆಟ್ರೋಲ್ ತನ್ನ ಭಾರಕ್ಕ ತಾನ ಇಳದು ಬರತೈತಿ, ಫ್ಲೋಟ್ ಮ್ಯಾಲೆದ್ರ ಸೂಜಿ ಬಂದ್ ಆಗತೈತಿ, ಅಷ್ಟ. ಟ್ಯಾಂಕಿನಿಂದ ಕಾರ್ಬೊರೇಟರಿಗೆ ಒಂದು ಫೂಟ್ ಎತ್ತರ ಅಂದ್ರ ಒತ್ತಡ 0.03 ಬಾರ್ ಕೂಡ ಆಗೂದಿಲ್ಲ. ಇಂಜೆಕ್ಟರಿಗೆ ನೀ ಕೊಟ್ಟದ್ದು 3 ಬಾರ್. ನೂರು ಪಟ್ಟಿನ ಮ್ಯಾಲ ಆತು. ಹಿಂದಿನ ಟಾಯರಿಗೆ ನಾವು 32 ಪೌಂಡ್ ಗಾಳಿ ಹಾಕತೀವಿ. ನಿನ್ನ ಬಟ್ಟಿನಷ್ಟು ದಪ್ಪ ರಬ್ಬರ್ ಪೈಪಿನ್ಯಾಗ 43 ಐತಿ, ಅದೂ ಗಾಳಿ ಅಲ್ಲ, ಪೆಟ್ರೋಲ್. ಪೈಪಿನ ಮೈಮ್ಯಾಲ ಒಂದು ಅಕ್ಷರ ಛಾಪಿಸಿಲ್ಲ. ಇಂಜೆಕ್ಷನ್ ಗಾಡಿ ಪೈಪಿನ ಮ್ಯಾಲ 30ಆರ್9 ಅಂತ ಬರದಿರತೈತಿ, 100 ಪೌಂಡ್ ತಡಕೊಳ್ಳತೈತಿ. ಕ್ಲ್ಯಾಂಪೂ ಬ್ಯಾರೆ. ಪಟ್ಟಿಗೆ ಸೀಳು ಇರೂದಿಲ್ಲ, ಅಂಚು ಹೊರಗ ಮಡಚಿರತೈತಿ, ಸಣ್ಣ ನಟ್ ಬೋಲ್ಟಿನ್ಯಾಗ ಬಿಗೀತೈತಿ. ಇಷ್ಟು ಸಣ್ಣ ಸಾಮಾನಿಗೆ ಜಿಪುಣತನ ಮಾಡಾಕ ನೀ ಯಾರಿಂದ ಕಲತಿ? ನನ್ನಿಂದ ಅಂತ ಹೇಳಬ್ಯಾಡ.

ಗಾಡಿಗೆ ಕಂಪ್ಯೂಟರ್, ಅದ ಇಸಿಯು, ಐತಿ, ಇಂಜಿನ್ ತಿರಗೂದು ನಿಂತ್ರ ಪಂಪ್ ತಾನ ಬಂದ್ ಮಾಡತೈತಿ, ಗಾಡಿ ಬಿದ್ರೂ ಚಿಂತಿ ಇಲ್ಲ ಅಂದಿ. ಖರೇ. ನಿಂತ್ರ ಬಂದ್ ಮಾಡತೈತಿ. ತಿರಗಾಕತ್ತಿದ್ರ? ಪೈಪ್ ಸೋರಾಕತ್ತದ್ದು ಇಸಿಯುಗ ಹೆಂಗ ತಿಳೀಬೇಕು? ಅದು ನೋಡೂದು ಇಂಜಿನ್ ಜೋಡಿ ತಿರಗೋ ಚಕ್ರದ ಹಲ್ಲು, ಥ್ರಾಟಲ್ ಎಷ್ಟು ತೆರದೈತಿ, ಗಾಳಿ ಒತ್ತಡ ಎಷ್ಟು, ಇಂಜಿನ್ ಎಷ್ಟು ಕಾದೈತಿ, ಅಷ್ಟ. ಪೆಟ್ರೋಲ್ ಸಿಲಿಂಡರಿನ್ಯಾಗ ಹೋಗಾಕತ್ತೈತೋ ಹೆಡ್ಡಿನ ಮ್ಯಾಲ ಬೀಳಾಕತ್ತೈತೋ ಅದಕ್ಕ ಎಲ್ಲಾ ಒಂದ. ಸೋರೂದು ಹೆಚ್ಚಾಗಿ ಒತ್ತಡ ಇಳೀತು ಅನ್ನು, ನೀ ಹೊಗಿ ಹೋಗೋ ಬೆಂಡ್ ಪೈಪಿಗೆ ಹಾಕೀಯಲ್ಲಾ ಆ ಆಕ್ಸಿಜನ್ ಸೆನ್ಸರ್ ಏನಂತೈತಿ? ಪೆಟ್ರೋಲ್ ಕಮ್ಮಿ ಆತು, ಇನ್ನಷ್ಟು ಹಾಕು ಅಂತೈತಿ. ಇಷ್ಟೆಲ್ಲಾ ನೀನ ನನಗ ಕಲಿಸಿದ್ದು. ಕಲಿಸಿದಾಕಿಗೆ ತಿರುಗಿ ಹೇಳೋ ಹಂಗಾತು.

ಮೊದಲ ಸಲ ಪಂಪ್ ಚಾಲೂ ಮಾಡಿದ್ದು ನೆನಪೈತೇನು? ನೀ ನಕ್ಕು ಮರತಿ, ನನಗ ಮರೀಲಿಕ್ಕೆ ಆಗವಲ್ತು. ಹಿತ್ತಲದಾಗ ಗಾಡಿ ನಿಲ್ಲಿಸಿದ್ದಿ, ಸೀಟ್ ತೆಗದಿತ್ತು, ಲ್ಯಾಪ್‌ಟಾಪ್ ರುಬ್ಬೋ ಕಲ್ಲಿನ ಮ್ಯಾಲ ಇತ್ತು. ನಾ ಬಚ್ಚಲ ಒಲಿಗೆ ಕಟಗಿ ಹಚ್ಚಿ ಹಂಡೆ ಕಾಸಾಕಿಟ್ಟಿದ್ದೆ. ನೀ ಕೀ ತಿರುವಿದಿ. ಫಿಲ್ಟರ್ ಬುಡದಿಂದ ಪೆಟ್ರೋಲ್ ದಾರದಷ್ಟು ಸಣ್ಣಾಗಿ ಚಿಮ್ಮಿ ನೆಟ್ಟಗ ತುಳಸಿ ಕಟ್ಟಿ ದಾಟಿ ಗ್ವಾಡಿಗೆ ಬಡೀತು. ಗ್ವಾಡಿಗೆ ಬಡದದ್ದು ಮಂಜಾಗಿ ತಿರುಗಿ ಬಂತು. ಎರಡ ಸೆಕೆಂಡ್. ಒಲ್ಯಾಗ ಕೆಂಡ ಹಂಗ ಇತ್ತು. ಗಾಳಿ ಆ ಕಡಿಂದ ಈ ಕಡಿ ಬೀಸಿದ್ರ ಏನಿತ್ತು ಹೇಳು. ನಾ ಬಿಂದಿಗಿ ಎತ್ತಿ ಒಲ್ಯಾಗ ನೀರು ಸುರುವಿದೆ, ಬೂದಿ ಮನೀ ತುಂಬ ಹಾರಿತು, ನೀ ತಣ್ಣೀರ ಜಳಕ ಮಾಡಬೇಕಾತು ಅಂತ ಮುಖ ಉಬ್ಬಿಸಿಕೊಂಡಿ. ಆವತ್ತಿಂದ ನೀ ಕೀ ತಿರುವಿದಾಗೆಲ್ಲಾ ನನ್ನ ಕಣ್ಣು ಮೊದಲ ಒಲೀ ಕಡೆ ಹೋಗತೈತಿ. ನೀ ಪುಣೆದಾಗ ಸಿಗ್ನಲ್ಲಿನ್ಯಾಗ ನಿಂತಿರತಿ, ಇಂಜಿನ್ ಕಾದಿರತೈತಿ, ಪ್ಲಗ್ ಕ್ಯಾಪ್ ಹಳೇದು, ಸಂದ್ಯಾಗ ಕರೆಂಟ್ ಹಾರತೈತಿ, ಪೈಪ್ ಅದರ ಮ್ಯಾಲ ಹಾದು ಹೋಗೇತಿ. ಎರಡೂ ಮಂಡಿ ನಡುವ ಟ್ಯಾಂಕ್. ಮೈಮ್ಯಾಲ ದುಪ್ಪಟ್ಟಾ.

ಒಂದ ಮಾತು ಹತ್ತು ಸಲ ಬರಿಯಾಕತ್ತೀನಿ, ಗೊತ್ತೈತಿ. ನಿಮ್ಮ ಕಾಕಾನ ವಿಷಯ ಇಲ್ಲಿ ತರೂದಿಲ್ಲ. ನಿನಗೂ ಗೊತ್ತು, ನನಗೂ ಗೊತ್ತು.

ನೀ ಮಾಡಿದ ಕೆಲಸ ಸಣ್ಣದು ಅಂತ ತಿಳಕೊಂಡೀನಿ ಅನ್ಕೋಬ್ಯಾಡ ಮತ್ತ. ಗೋಕುಲ ರೋಡಿನ ಲೇತ್‌ನವರು ಮೊನ್ನೆ ಅಂಗಡಿಗೆ ಬಂದಿದ್ರು, ಬೇರಿಂಗ್ ಬೇಕಾಗಿತ್ತು. "ಅಕ್ಕಾರ, ನಿಮ್ಮ ಮಗಳು 24 ಹಲ್ಲಿನ ಚಕ್ರ ಕೊರಸಿಕೊಂಡು, ಒಂದು ಹಲ್ಲು ನೀವ ತೆಗದು ಕೊಡ್ರಿ ಅಂದ್ಲು. ನಮ್ಮ ಹುಡುಗ ನಕ್ಕ. ಆಮ್ಯಾಲ ಆಕಿ ಅಲ್ಲೇ ನೆಲದ ಮ್ಯಾಲ ಸೀಮೆಸುಣ್ಣದಲೆ ಬರದು ತೋರಿಸಿದ್ಲು, ಹಲ್ಲು ಇಲ್ಲದ ಜಾಗ ಬಂದಾಗ ಪಿಸ್ಟನ್ ಎಲ್ಲಿ ಇರತೈತಿ ಅಂತ ಕಂಪ್ಯೂಟರಿಗೆ ತಿಳೀತೈತಿ ಅಂತ" ಅಂತ ಎಲ್ಲಾ ಗಿರಾಕಿ ಮುಂದ ಹೇಳಿದ್ರು. ನಾ ಏನೂ ಅನ್ನಲಿಲ್ಲ, ಬೇರಿಂಗ್ ಡಬ್ಬಿ ಹುಡುಕಾಕ ಒಳಗ ಹೋದೆ. ಬೇರಿಂಗ್ ಕೈಗೆ ಸಿಗೋ ಹಂಗ ಮುಂದ ಇತ್ತು.

ಆ ಸ್ಪೀಡುಯಿನೋ ಬೋರ್ಡಿಗೆ, ಅಂದ್ರ ಆರ್ಡುಯಿನೋ ಅನ್ನೋ ಸಣ್ಣ ಕಂಪ್ಯೂಟರ್ ಬೋರ್ಡಿನ ಮ್ಯಾಲ ಮಾಡಿದ ಇಸಿಯುಗ, ನೀ ಬೆಸುಗಿ ಹಾಕಿದ್ದನ್ನ ನಿಮ್ಮಪ್ಪ ಇನ್ನೂ ಡಿಪೋದಾಗ ಹೇಳತಾರ. ಆದ್ರ ಅವರು ಹೇಳೂದರಾಗ ಆರ್ಡುಯಿನೋ ಹೋಗಿ ರೇಡಿಯೋ ಆಗೇತಿ, ನೀ ರೇಡಿಯೋದಿಂದ ಗಾಡಿ ಓಡಸತಿ ಅಂತ ಅಲ್ಲಿ ಸುದ್ದಿ.

ನಾ ನಂಬದ ಇದ್ದದ್ದು ಒಂದು ಇತ್ತು. ಪ್ಲಗ್ ಬಿಚ್ಚಿ ಬಣ್ಣ ನೋಡಿ, ಬಿಸ್ಕೀಟ್ ಬಣ್ಣ ಇದ್ರ ಛಲೋ, ಕರೀ ಇದ್ರ ಪೆಟ್ರೋಲ್ ಹೆಚ್ಚು, ಬೆಳ್ಳಗಿದ್ರ ಕಮ್ಮಿ ಅಂತ ಸ್ಕ್ರೂ ತಿರುವಿದವರ ನಡುವ ಬೆಳದಾಕಿ ನಾನು. ಪೆಟ್ರೋಲ್ ಒಂದಕ್ಕ ಗಾಳಿ 14.7 ಅಂತ ನೀ ಅಂದಾಗ ಪುಸ್ತಕದ ಮಾತು ಅಂದಿದ್ದೆ. ಈಗ ಬಂಕಿನ್ಯಾಗ ಇಪ್ಪತ್ತು ಪರ್ಸೆಂಟ್ ಎಥೆನಾಲ್ ಐತಿ, ಲೆಕ್ಕ ಹದಿಮೂರೂವರಿ ಹತ್ರ ಬರತೈತಿ, ಕಾರ್ಬೊರೇಟರಿನ ಹಳೇ ಜೆಟ್ ಹಂಗ ಬಿಟ್ರ ಇಂಜಿನ್ನಿಗೆ ಪೆಟ್ರೋಲ್ ಕಮ್ಮಿ ಬೀಳತೈತಿ, ಇಂಜೆಕ್ಷನ್ ಆದ್ರ ಸೆನ್ಸರ್ ನೋಡಿ ತಾನ ಹೊಂದಿಸಿಕೊಳ್ಳತೈತಿ ಅಂದಿ. ನೀ ಟ್ಯೂನ್ ಮಾಡಿದ ಮ್ಯಾಲ ಬೆಟಗೇರಿಗೆ ನಮ್ಮ ತವರಮನಿಗೆ ಹೋಗಿಬಂದು ಪ್ಲಗ್ ಬಿಚ್ಚಿದ್ವಿ. ಬಿಸ್ಕೀಟ್.

ಆದ್ರ ಅದ ಎಥೆನಾಲ್ ರಬ್ಬರಿಗೆ ವೈರಿ. 2008ರ ಗಾಡಿ ರಬ್ಬರ್ ಇದಕ್ಕಂತ ಮಾಡಿದ್ದಲ್ಲ, ನಮ್ಮ ಉರುಳಿಯೊಳಗಿನ ಪೈಪೂ ಅಲ್ಲ. ಉಬ್ಬತೈತಿ, ಮೆತ್ತಗಾಗತೈತಿ. ನೋಡು, ಮತ್ತ ಪೈಪಿಗೆ ಬಂದೆ.

ಅಂಗಡ್ಯಾಗ ಏನು ಮಾರತೀನೋ ಅದನ್ನೂ ಹೇಳಬೇಕು. 2020ರ ಎಪ್ರಿಲ್ ಒಂದಕ್ಕ ಗಾಡಿ ಹೊಗಿಯ ಹೊಸ ನಿಯಮ ಬಿಎಸ್6 ಬಂದಾಗಿಂದ ಹೆಚ್ಚಿನ ಹೊಸ ಗಾಡಿಗೆ ಇಂಜೆಕ್ಷನ್ನ ಬರತೈತಿ. ನಾಳೆ ನಾಳೆ ಕಾರ್ಬೊರೇಟರ್ ಕಿಟ್ ಕೇಳವರು ಕಮ್ಮಿ ಆಗತಾರ. ಹಳೇ ಗಾಡಿ ಇರೋ ಮಟ ನಡೀತೈತಿ, ಆ ಚಿಂತಿ ನಿನಗ ಬ್ಯಾಡ.

ಅಲ್ಲಿಗೆ ಗಾಡಿ ಬಂದ ಮ್ಯಾಲಿನ ಮಾತು. ಬ್ಯಾಟರಿ ಇಳಿದ್ರ ಮೊದಲಿನಂಗ ಕಿಕ್ ಹೊಡದು ಚಾಲೂ ಆಗೂದಿಲ್ಲ, ಪಂಪಿಗೆ ಕರೆಂಟ್ ಬೇಕು. ರಾತ್ರಿ ಒಬ್ಬಾಕೀನ ದೂರ ಹೋಗೋ ಮುಂದ ನೆನಪಿರ್ಲಿ. ಆರ್‌ಸಿ 2023ರಾಗ ಐದು ವರ್ಷಕ್ಕ ರಿನ್ಯೂ ಆಗೇತಿ, ಆದ್ರ ಬ್ಯಾರೆ ರಾಜ್ಯದಾಗ ವರ್ಷ ಮೀರಿ ಇಟ್ಟುಕೊಂಡ್ರ ಅಲ್ಲೇ ನೋಂದಣಿ ಮಾಡಸಬೇಕಾಗತೈತಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ್ಯಾಗ, ಕಂಪನಿ ಕೊಟ್ಟ ವಿವರ ಬದಲಾಗೋ ಹಂಗ ಗಾಡಿ ತಿದ್ದಬಾರದು ಅಂತ ಐತಿ. ಕೆಎ-25 ನಂಬರ್ ನೋಡಿ ಅಲ್ಲಿ ಪೊಲೀಸರು ಮೊದಲ ನಿನ್ನ ನಿಲ್ಲಸತಾರ. ಬಾಯಿ ಮಾಡಬ್ಯಾಡ. ಇನ್ಶೂರೆನ್ಸಿನವರನ್ನ ಬರವಣಿಗಿಯೊಳಗ ಕೇಳು, ಬಾಯಿ ಮಾತು ನಂಬಬ್ಯಾಡ. ಹೆಲ್ಮೆಟ್ ಬಕ್ಕಲ್ ಹಾಕು, ಬರೇ ತಲಿಮ್ಯಾಲ ಇಟ್ಟುಕೊಂಡು ಹೋಗಬ್ಯಾಡ. ಮುಂಜಾನೆ ಉಪವಾಸ ಆಫೀಸಿಗೆ ಹೋಗಬ್ಯಾಡ. ಮೆಸ್ಸಿನ ಅನ್ನ ಸೇರದಿದ್ರ ಒಂದು ತಟ್ಟಿ ರೊಟ್ಟಿ ಕಳಸತೀನಿ, ಕಡಕ್ ರೊಟ್ಟಿ ತಿಂಗಳ ಬಾಳತಾವ. ಸಂಬಳದಾಗ ಇಷ್ಟು ಅಂತ ಮೊದಲ ತೆಗದಿಡು, ಉಳದದ್ದು ಖರ್ಚು ಮಾಡು... ನಿಲ್ಲಸತೀನಿ. ನೀ ಇಲ್ಲಿಗೆ ಹಾಳಿ ಮಡಚಿ ಇಟ್ಟಿರಬೇಕು.

ಫೋನಿನ್ಯಾಗ "ನಿನಗೇನು ತಿಳೀತೈತಿ ಅವ್ವಾ" ಅಂದದ್ದು ನೀ. ಅದಕ್ಕ ಲಗ್ನದ ರೊಕ್ಕದ ಮಾತು ಎತ್ತಿದ್ದು ನಾ. ಎರಡೂ ಬಿಟ್ಟಬಿಡೋಣ.

ಗಾಡಿ ಹಿತ್ತಲದಾಗ ತಾಡಪತ್ರಿ ಹೊಚ್ಚಿ ಇಟ್ಟೀನಿ, ಬ್ಯಾಟರಿ ವೈರ್ ಬಿಚ್ಚೀನಿ, ಇಸಿಯು ಡಬ್ಬಿಗೆ ಪ್ಲಾಸ್ಟಿಕ್ ಸುತ್ತೀನಿ. ಮುಂದಿನ ಶನಿವಾರ ವಂದೇ ಭಾರತ್ ಸಿಗದಿದ್ರ ರಾತ್ರಿ ಬಸ್ಸಿಗೆ ಬಾ. ಪೈಪ್ ನಾ ಹಾಕೂದಿಲ್ಲ, ಬ್ಯಾರೆ ಮಿಸ್ತ್ರಿ ಕೈಲೂ ಹಾಕಸೂದಿಲ್ಲ, ನೀನ ಕುಂತು ಹಾಕಬೇಕು. ಆಮ್ಯಾಲ ಕೀ ಆನ್ ಮಾಡಿ, ಎಲ್ಲಾ ಜೋಡಣಿಗೆ ಒಣ ಹಾಳಿ ಸುತ್ತಿ ನೋಡೋಣ, ಇಂಜಿನ್ ಕಾದ ಮ್ಯಾಲ ಇನ್ನೊಮ್ಮೆ ನೋಡೋಣ. ಒಲಿ ಆವತ್ತು ಹಚ್ಚೂದಿಲ್ಲ.

30ಆರ್9 ಪೈಪ್ ಎರಡು ಮೀಟರ್ ತರಸೀನಿ, ಒಳಗಿನ ಅಳತಿ 6 ಎಂಎಂ ಒಂದು, 8 ಎಂಎಂ ಒಂದು. ಪಂಪಿನ ಮೂತಿ 8 ಐತಿ, ವರ್ನಿಯರ್ ಹಿಡದು ನೋಡೀನಿ. ಇಂಜೆಕ್ಟರ್ ಕಡಿ ಮೂತಿ ಕ್ಲ್ಯಾಂಪಿನ ಕೆಳಗ ಸಿಕ್ಕಿಕೊಂಡೈತಿ, ಕೀಳಾಕ ಹೋಗಿಲ್ಲ, ಮುರಿದೀತು. ಅದು ಎಷ್ಟು ಎಂಎಂ, ಒತ್ತಡ ಹಿಡದಿಡೋ ರೆಗ್ಯುಲೇಟರಿಗೆ ಎಷ್ಟು, ಕ್ಲ್ಯಾಂಪ್ ಒಟ್ಟು ಎಷ್ಟು ಬೇಕು ಅಂತ ಬರಿ. ಮಾತಾಡೋ ಮನಸ್ಸಿಲ್ಲದಿದ್ರ ಬರೇ ನಂಬರ್ ವಾಟ್ಸಾಪ್ ಮಾಡು. ಹೋಳಿಗಿ ಡಬ್ಬಿ ಸ್ಟೀಲಿಂದು, ಬರೋ ಮುಂದ ತಗೊಂಡು ಬಾ.

ನಿನ್ನ ಅವ್ವ