ಮುಷ್ಟಿ ಅಕ್ಕಿಯ ಡಬ್ಬಿ: ರಕ್ಷಕರಿಗೆ ಒಂದು ಪತ್ರ

ಪ್ರೀತಿಯ ರಕ್ಷಕರಿಗೆ,

ನಮಸ್ಕಾರ. ಬರುವ ಸೋಮವಾರ ನಿಮ್ಮ ಮಗುವಿನ ಬ್ಯಾಗಿನಲ್ಲಿ ಒಂದು ರಟ್ಟಿನ ಡಬ್ಬಿ ಬರುತ್ತದೆ. ಅದು ಏನು, ಯಾಕೆ, ಅದರಲ್ಲಿ ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಡಬ್ಬಿಗಿಂತ ಮೊದಲೇ ನಿಮಗೆ ತಿಳಿಸಬೇಕು ಅನ್ನಿಸಿತು. ಕಳೆದ ರಕ್ಷಕ-ಶಿಕ್ಷಕ ಸಂಘದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಒಬ್ಬರು ತಂದೆ ಹತ್ತಿರ ಬಂದು, "ಟೀಚರೇ, ಬೇಜಾರು ಮಾಡಬೇಡಿ, ಈ ಡಬ್ಬಿಯ ಹಣ ಇಗರ್ಜಿಗೆ ಹೋಗುವುದಾ?" ಎಂದು ಕೇಳಿದರು. ಬೇಜಾರು ಯಾಕೆ? ಮಕ್ಕಳ ಕೈಯಲ್ಲಿ ಡಬ್ಬಿ ಕೊಟ್ಟು ಕಳಿಸುವವರನ್ನು ಕೇಳಲೇಬೇಕಾದ ಪ್ರಶ್ನೆ ಅದು. ಅವರಿಗೆ ನಿಂತಲ್ಲೇ ಅರ್ಧ ಉತ್ತರ ಹೇಳಿದೆ. ಉಳಿದದ್ದು ಈ ಪತ್ರದಲ್ಲಿದೆ. ಸ್ವಲ್ಪ ಉದ್ದವಾಯಿತು. ರಾತ್ರಿ ಊಟವಾದ ಮೇಲೆ ನಿಧಾನವಾಗಿ ಓದಿ.

ಹಣ ಇಗರ್ಜಿಗೆ ಹೋಗುವುದಿಲ್ಲ. ಅಕ್ಕಿ ಈ ಊರಲ್ಲೇ ಉಳಿಯುತ್ತದೆ, ಚಿಲ್ಲರೆ ಹಣ ಊರು ದಾಟಿ ಹೋಗುತ್ತದೆ. ಅದು ಹೇಗೆಂದು ಮುಂದೆ ಬರೆದಿದ್ದೇನೆ.

ನಮ್ಮ ಅಮ್ಮ ಗಂಜಿಗೆ ಅಕ್ಕಿ ಅಳೆದು ಪಾತ್ರೆಗೆ ಹಾಕುವಾಗ ಅದರಿಂದ ಒಂದು ಮುಷ್ಟಿ ತೆಗೆದು ಮೂಲೆಯ ಮಣ್ಣಿನ ಭರಣಿಗೆ ಹಾಕುತ್ತಿದ್ದರು. ಮನೆಯಲ್ಲಿ ಅಕ್ಕಿ ಕಡಿಮೆಯಿದ್ದ ಆಟಿ ತಿಂಗಳಲ್ಲೂ ಆ ಕೈ ತಪ್ಪುತ್ತಿರಲಿಲ್ಲ, ಮುಷ್ಟಿ ಮಾತ್ರ ಸಣ್ಣದಾಗುತ್ತಿತ್ತು. ಭರಣಿ ತುಂಬಿದಾಗ ಅದು ಯಾರ ಮನೆಗೋ ಹೋಗುತ್ತಿತ್ತು. ಯಾರ ಮನೆಗೆ ಎಂದು ಕೇಳಿದರೆ ಅಮ್ಮ ಹೇಳುತ್ತಿರಲಿಲ್ಲ. ನಿಮ್ಮಲ್ಲಿ ಅನೇಕರ ಅಜ್ಜಿಯಂದಿರೂ ಹೀಗೆ ಮಾಡಿದವರೇ ಇರಬೇಕು. ಮುಸ್ಲಿಂ ಮನೆಗಳಲ್ಲಿ ಜಕಾತ್ ಇದೆ, ಪೆರುನಾಳಿನ (ಈದ್ ಹಬ್ಬದ) ಬೆಳಿಗ್ಗೆ ನಮಾಜಿಗೆ ಮೊದಲು ಕೊಟ್ಟು ಮುಗಿಸುವ ಫಿತ್ರ್ ಅಕ್ಕಿ ಇದೆ. ನಾನು ಹೊಸದೇನನ್ನೂ ನಿಮಗೆ ಕಲಿಸಲು ಹೊರಟಿಲ್ಲ.

ಈ ಮುಷ್ಟಿ ಅಕ್ಕಿಗೆ ನಮ್ಮ ಕೇರಳದ ಶಾಲೆಗಳೊಂದಿಗೆ ಹಳೆಯ ನಂಟಿದೆ. ಮಲಯಾಳದಲ್ಲಿ ಇದನ್ನು ಪಿಡಿಯರಿ ಎನ್ನುತ್ತಾರೆ. ಕೋಟ್ಟಯಂ ಬಳಿಯ ಮಾನ್ನಾನದಲ್ಲಿದ್ದ ಕುರಿಯಾಕೋಸ್ ಏಲಿಯಾಸ್ ಚಾವರ ಎಂಬ ಕಥೋಲಿಕ ಗುರುಗಳು 1864ರಲ್ಲಿ ಪ್ರತಿಯೊಂದು ಇಗರ್ಜಿಯ ಪಕ್ಕದಲ್ಲೂ ಒಂದು ಶಾಲೆ ಇರಬೇಕೆಂದು ಅಪ್ಪಣೆ ಮಾಡಿದರು. ಅಕ್ಷರ ಯಾರಿಗೆ, ಯಾರಿಗಲ್ಲ ಎಂದು ಜಾತಿ ನೋಡಿ ತೀರ್ಮಾನವಾಗುತ್ತಿದ್ದ ಕಾಲ ಅದು. ಶಾಲೆ ಕಟ್ಟಿದರೂ ಬಡ ಮಕ್ಕಳು ಬರಲಿಲ್ಲ, ಬಂದವರು ಮಧ್ಯಾಹ್ನಕ್ಕೆ ನಿಲ್ಲಲಿಲ್ಲ, ಯಾಕೆಂದರೆ ಹೊಟ್ಟೆಗೆ ಇರಲಿಲ್ಲ. ಆಗ ಅವರು ಮನೆಮನೆಗಳಿಂದ ಪಿಡಿಯರಿ ಕೂಡಿಸಿ ಶಾಲೆಯಲ್ಲೇ ಮಧ್ಯಾಹ್ನದ ಊಟ ಹಾಕಿದರು. ಇಂದು ನಮ್ಮ ಶಾಲೆಯಲ್ಲಿ ಮಧ್ಯಾಹ್ನ ಬಡಿಸುವ ಅನ್ನ, ಸಾಂಬಾರು, ಮೊಟ್ಟೆ ಸರಕಾರದ ಯೋಜನೆಯದ್ದು. ಹಸಿದ ಮಗುವಿನ ಮುಂದೆ ಪುಸ್ತಕ ಇಟ್ಟರೆ ಪ್ರಯೋಜನವಿಲ್ಲ ಎಂದು ಈ ರಾಜ್ಯದಲ್ಲಿ ಮೊದಲೇ ಅರಿತು ಕೆಲಸಕ್ಕೆ ಇಳಿದವರಲ್ಲಿ ಚಾವರ ಗುರುಗಳು ಒಬ್ಬರು. ಅವರು 1871ರಲ್ಲಿ ತೀರಿಹೋದರು, 2014ರಲ್ಲಿ ಅವರನ್ನು ಸಂತರೆಂದು ಘೋಷಿಸಲಾಯಿತು. ಇಪ್ಪತ್ತಾರು ವರ್ಷ ಮಕ್ಕಳ ಮುಂದೆ ನಿಂತ ನನಗೆ ಅವರು ಮೊದಲು ನೆನಪಾಗುವುದು ಆ ಊಟದ ಮೂಲಕವೇ.

ರಟ್ಟಿನ ಡಬ್ಬಿಯ ಕಲ್ಪನೆ ಮಾತ್ರ ದೂರದ್ದು. ಅಮೆರಿಕದ ಪೆನ್ಸಿಲ್ವೇನಿಯದ ಅಲೆಂಟೌನ್ ಎಂಬಲ್ಲಿ 1975ರಲ್ಲಿ, ಆಫ್ರಿಕದ ಬರಗಾಲದ ಸುದ್ದಿ ಕೇಳಿದ ಕೆಲವು ಕುಟುಂಬಗಳು ಈಸ್ಟರಿಗೆ ಮೊದಲಿನ ಉಪವಾಸದ ಕಾಲದಲ್ಲಿ ಸರಳ ಊಟ ಮಾಡಿ, ಉಳಿದ ಹಣವನ್ನು ಊಟದ ಮೇಜಿನ ಮೇಲಿನ ರಟ್ಟಿನ ಪೆಟ್ಟಿಗೆಗೆ ಹಾಕತೊಡಗಿದವು. ಅಕ್ಕಿ ಬಟ್ಟಲು ಎಂದೇ ಅದಕ್ಕೆ ಹೆಸರು. ಇಂದಿಗೂ ಆ ಹಣದ ಮುಕ್ಕಾಲು ಪಾಲು ಹೊರದೇಶಗಳಿಗೆ ಹೋಗುತ್ತದೆ, ಕಾಲು ಪಾಲು ಸ್ಥಳೀಯ ಬಡವರಿಗೆ ಉಳಿಯುತ್ತದೆ.

ಇನ್ನು ನಾನು ಹೇಳಲೇಬೇಕಾದ ಒಂದು ವಿಷಯ. ಕೆಲವು ವರ್ಷಗಳ ಹಿಂದೆ ನಾವು ಡಬ್ಬಿ ಕೊಡಲು ಶುರುಮಾಡಿದಾಗ ಪ್ರತಿ ಡಬ್ಬಿಯ ಮೇಲೂ ಮಗುವಿನ ಹೆಸರು, ತರಗತಿ ಬರೆಸಿದ್ದೆ. ಅಸೆಂಬ್ಲಿಯಲ್ಲಿ ಹೆಚ್ಚು ಕೊಟ್ಟವರ ಹೆಸರು ಓದಿ ಚಪ್ಪಾಳೆಯನ್ನೂ ತಟ್ಟಿಸಿದ್ದೆ. ಮಕ್ಕಳಿಗೆ ಹುರುಪು ಬರಲಿ ಎಂದು ಮಾಡಿದ್ದು. ಅಂದು ಸಂಜೆ ಡಬ್ಬಿಗಳನ್ನು ಒಡೆಯುವಾಗ ಐದನೇ ತರಗತಿಯ ಹುಡುಗನೊಬ್ಬನ ಡಬ್ಬಿಯಿಂದ ಮೇಜಿನ ಮೇಲೆ ಹುಣಸೆ ಬೀಜಗಳು ಸುರಿದವು. ಹೊಳಪು ಬರುವ ಹಾಗೆ ಒರೆಸಿ ಒಣಗಿಸಿದ ಬೀಜಗಳು. ಮರುದಿನ ಅವನನ್ನು ಒಬ್ಬನೇ ಇರುವಾಗ ಕರೆದು ಕೇಳಿದೆ. ನೆಲ ನೋಡುತ್ತಾ ಅವನು ಹೇಳಿದ: "ಅಲ್ಲಾಡಿಸಿದರೆ ಸದ್ದು ಬರಬೇಕಲ್ಲ ಟೀಚರ್."

ಅವನ ಅಮ್ಮ ಬೀಡಿ ಕಟ್ಟುತ್ತಾರೆ. ಆ ತಿಂಗಳು ಬ್ರಾಂಚಿನಿಂದ ಎಲೆಯೇ ಬಂದಿರಲಿಲ್ಲವಂತೆ. ಬಡವರಿಗಾಗಿ ಇಟ್ಟ ಡಬ್ಬಿಯಿಂದ ನಾನು ಒಬ್ಬ ಬಡ ಮಗುವಿನ ತಲೆ ತಗ್ಗಿಸಿದ್ದೆ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅವನ ಅಮ್ಮನ ಹತ್ತಿರ ಹೋಗಿ ಕ್ಷಮೆ ಕೇಳಿದೆ. ಅವರು ಗೆರಸೆ ಬದಿಗಿಟ್ಟು ನನಗೆ ನೀರು, ಬೆಲ್ಲ ಕೊಟ್ಟರು.

ಅಂದಿನಿಂದ ಡಬ್ಬಿಯ ಮೇಲೆ ಹೆಸರಿಲ್ಲ. ತರಗತಿಯಲ್ಲಿ ಯಾರೂ ಯಾರ ಡಬ್ಬಿಯನ್ನೂ ಅಲ್ಲಾಡಿಸುವುದಿಲ್ಲ. ಮಕ್ಕಳು ಅದನ್ನು ತಂದು ಆಫೀಸಿನ ಪಕ್ಕದ ಕೋಣೆಯಲ್ಲಿಟ್ಟು ಹೋಗುತ್ತಾರೆ, ಶಾಲೆ ಬಿಟ್ಟ ಮೇಲೆ ಸಂಘದ ಮೂವರು ಸದಸ್ಯರು ಮತ್ತು ಇಬ್ಬರು ಟೀಚರ್‌ಗಳು ಒಟ್ಟಿಗೆ ಕೂತು ಒಡೆಯುತ್ತಾರೆ. ಒಟ್ಟು ಎಷ್ಟು ಕಿಲೋ ಅಕ್ಕಿ, ಎಷ್ಟು ರೂಪಾಯಿ, ಎಲ್ಲಿಗೆ ಕೊಟ್ಟದ್ದು ಎಂಬ ಲೆಕ್ಕವನ್ನು ನೋಟೀಸ್ ಬೋರ್ಡಿಗೆ ಹಚ್ಚುತ್ತೇವೆ. ಖಾಲಿ ಡಬ್ಬಿ ಬಂದರೂ ಬರಲಿ. ಈ ವರ್ಷ ಕೊಡಲು ಕಷ್ಟವಿದ್ದರೆ ದಯವಿಟ್ಟು ಮಗುವಿಗಾಗಿ ಸಾಲ ಮಾಡಿ ಹಾಕಬೇಡಿ. ನಿಮ್ಮ ಮನೆಗೇ ಅಕ್ಕಿ ಬೇಕಾಗಿದ್ದರೆ ನನಗೊಂದು ಫೋನ್ ಮಾಡಿ. ಮಾತು ನನ್ನಲ್ಲೇ ಉಳಿಯುತ್ತದೆ.

ಅಕ್ಕಿಯನ್ನು ಮನೆಗಳಿಗೆ ಮುಟ್ಟಿಸುವವರು ಊರಿನ ಸಂತ ವಿನ್ಸೆಂಟ್ ಪಾವ್ಲರ ಸಭೆಯವರು. ಈ ಸಭೆ ಹುಟ್ಟಿದ್ದು 1833ರಲ್ಲಿ, ಪ್ಯಾರಿಸ್‌ನಲ್ಲಿ. ಅದರ ಹಿಂದಿನ ವರ್ಷವಷ್ಟೇ ಅಲ್ಲಿ ಕಾಲರಾ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತ್ತು. ನಿಮ್ಮ ಧರ್ಮ ಹಿಂದೆ ಏನು ಮಾಡಿತೆಂದು ಹೇಳುತ್ತೀರಿ, ಈಗ ಬಡವರಿಗೆ ಏನು ಮಾಡುತ್ತಿದ್ದೀರಿ ಎಂದು ಚರ್ಚೆಯಲ್ಲಿ ಎದುರಾದ ಪ್ರಶ್ನೆಗೆ ಫ್ರೆಡೆರಿಕ್ ಓಜಾನಂ ಎಂಬ ಇಪ್ಪತ್ತರ ಹುಡುಗನ ಬಳಿ ಉತ್ತರವಿರಲಿಲ್ಲ. ಚಳಿಗಾಲಕ್ಕೆಂದು ತಂದು ಉಳಿದಿದ್ದ ಸೌದೆಯನ್ನು ಅವನೂ ಗೆಳೆಯನೂ ಹೊತ್ತುಕೊಂಡು ಹೋಗಿ ಒಂದು ಬಡ ಮನೆಗೆ ಕೊಟ್ಟರು. ಕೊಡುವವರು ತಾವೇ ಮನೆಗೆ ಹೋಗಬೇಕು, ಕೂತು ಮಾತಾಡಬೇಕು ಎಂಬ ಕ್ರಮ ಇವತ್ತಿಗೂ ಆ ಸಭೆಯಲ್ಲಿದೆ. ಸಾಲು ನಿಲ್ಲಿಸಿ, ಫೋಟೋ ತೆಗೆದು ಹಂಚುವುದು ಬೇಡ ಎಂದು ನಾನೂ ಅವರ ಹತ್ತಿರ ಹೇಳಿದ್ದೇನೆ. ಯಾವ ಜಾತಿ, ಯಾವ ಧರ್ಮ ಎಂದು ಅವರು ಕೇಳುವುದಿಲ್ಲ. ಹೋದ ವರ್ಷ ಅಕ್ಕಿ ಹೋದ ಮನೆಗಳಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವ ಹೊರರಾಜ್ಯದ ಕುಟುಂಬಗಳೂ ಇದ್ದವು. ಅವರ ಮಕ್ಕಳು ಈಗ ನಮ್ಮ ಒಂದನೇ ತರಗತಿಯಲ್ಲಿ ಕನ್ನಡ ಅಕ್ಷರ ತಿದ್ದುತ್ತಿದ್ದಾರೆ.

ಚಿಲ್ಲರೆ ಹಣ ಹೋಗುವುದು ಕಾರಿತಾಸ್ ಇಂಡಿಯಾಕ್ಕೆ. ಭಾರತದ ಕಥೋಲಿಕ ಬಿಷಪರು 1962ರಲ್ಲಿ ಆರಂಭಿಸಿದ ಸಂಸ್ಥೆ ಅದು. ನೆರೆ, ಭೂಕಂಪ, ಚಂಡಮಾರುತ ಬಂದಲ್ಲಿ ಕೆಲಸ ಮಾಡುತ್ತದೆ. ಜಗತ್ತಿನ 160ಕ್ಕೂ ಹೆಚ್ಚು ಇಂಥ ಸಂಸ್ಥೆಗಳ ಕೂಟದಲ್ಲಿ ಇದೂ ಒಂದು. ಡಬ್ಬಿ ಕಳಿಸಲು ನವೆಂಬರ್ ತಿಂಗಳನ್ನೇ ಆರಿಸಲು ಕಾರಣ, ಪೋಪ್ ಫ್ರಾನ್ಸಿಸ್ ಹೇಳಿದಂತೆ 2017ರಿಂದ ಈ ತಿಂಗಳ ಒಂದು ಭಾನುವಾರವನ್ನು ಬಡವರ ವಿಶ್ವ ದಿನವಾಗಿ ಆಚರಿಸುತ್ತಾರೆ. ಶಾಲೆಯಲ್ಲಿ ಇದಕ್ಕಾಗಿ ಯಾವ ಪ್ರಾರ್ಥನೆಯೂ ಇಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಪಾಠ ಮಾಡಿದ ಹಾಗಾಗುತ್ತದೆ. ಅಕ್ಕಿ ಕೊಡುವುದು ಒಂದು. ಆ ಮನೆಯಲ್ಲಿ ಅಕ್ಕಿ ಯಾಕೆ ಮುಗಿಯಿತು ಎಂದು ಕೇಳುವುದು ಇನ್ನೊಂದು. ದಿನಕ್ಕೆ ಸಾವಿರ ಬೀಡಿ ಕಟ್ಟುವ ತಾಯಿಯ ಮನೆಯಲ್ಲಿ ಮಗುವಿನ ಡಬ್ಬಿಗೆ ಒಂದು ರೂಪಾಯಿ ಇಲ್ಲದಿದ್ದರೆ ಅವರ ದುಡಿಮೆಯಲ್ಲಿ ಕೊರತೆಯಿಲ್ಲ, ದುಡಿಮೆಗೆ ಸಿಗುವ ಬೆಲೆಯಲ್ಲಿದೆ. 1891ರಲ್ಲಿ ಹದಿಮೂರನೇ ಲಿಯೋ ಪೋಪರು ಬರೆದ ವಿಶ್ವಪತ್ರದಲ್ಲಿ ಇದೇ ಮಾತಿದೆ: ದುಡಿಯುವವನಿಗೆ ಜೀವನ ಸಾಗುವಷ್ಟು ಕೂಲಿ ಸಿಗಬೇಕು, ಕಾರ್ಮಿಕರಿಗೆ ಸಂಘ ಕಟ್ಟುವ ಹಕ್ಕಿರಬೇಕು. ಈಗಿನ ಪೋಪರು 2025ರಲ್ಲಿ ಲಿಯೋ ಎಂಬ ಹೆಸರನ್ನು ಆರಿಸಿಕೊಂಡಾಗ ಅದಕ್ಕೆ ಮುಖ್ಯ ಕಾರಣವಾಗಿ ಹೇಳಿದ್ದು ಆ ಪತ್ರವನ್ನೇ.

ದೇಶಗಳ ಬಡತನಕ್ಕೂ ಇಂಥ ಲೆಕ್ಕವಿದೆ. ಚಿನ್ನ ಅಡವಿಟ್ಟವರಿಗೆ ಗೊತ್ತು, ಬಡ್ಡಿ ಕಟ್ಟಿಯೇ ಕೈ ಖಾಲಿಯಾಗುತ್ತದೆ, ಅಸಲು ಹಾಗೇ ಕೂತಿರುತ್ತದೆ. ಆಫ್ರಿಕದ ಅನೇಕ ದೇಶಗಳು ಹೀಗೆ ಬಡ್ಡಿ ಕಟ್ಟುತ್ತಾ ಶಾಲೆ, ಆಸ್ಪತ್ರೆಗೆ ಹಣವಿಲ್ಲದೆ ನಿಂತಿದ್ದವು. 2000ನೇ ಇಸವಿಯ ಹೊತ್ತಿಗೆ ಬಡ ದೇಶಗಳ ಸಾಲದ ಹೊರೆ ಇಳಿಸಬೇಕೆಂದು ಪೋಪ್ ಎರಡನೇ ಜಾನ್ ಪಾಲ್ 1994ರಲ್ಲೇ ಬರೆದರು. 1998ರಲ್ಲಿ ಶ್ರೀಮಂತ ದೇಶಗಳ ನಾಯಕರು ಬರ್ಮಿಂಗ್‌ಹ್ಯಾಮಿನಲ್ಲಿ ಸೇರಿದ್ದಾಗ ಸುಮಾರು 70,000 ಜನ ಕೈಕೈ ಹಿಡಿದು ಸರಪಳಿಯಾಗಿ ನಿಂತರು. ಕಥೋಲಿಕರು, ಬೇರೆ ಸಭೆಗಳವರು, ಕಾರ್ಮಿಕ ಸಂಘದವರು, ಯಾವ ದೇವರನ್ನೂ ನಂಬದವರು, ಎಲ್ಲರೂ ಅಲ್ಲಿದ್ದರು. ಸಾಲ ಪೂರ್ತಿ ಹೋಗಲಿಲ್ಲ, ಆದರೂ ಸಾಕಷ್ಟು ಇಳಿಯಿತು. ಟಾಂಜಾನಿಯ 2001ರಲ್ಲಿ ಪ್ರಾಥಮಿಕ ಶಾಲೆಗಳ ಶುಲ್ಕ ತೆಗೆದುಹಾಕಿತು, ಸಾಲ ಇಳಿದು ಉಳಿದ ಹಣ ಅದಕ್ಕೆ ನೆರವಾಯಿತು. ಮಕ್ಕಳು ಎಷ್ಟು ಬಂದರೆಂದರೆ ಬೆಂಚು ಸಾಲದೆ ನೆಲದಲ್ಲಿ ಕೂರಬೇಕಾಯಿತು. ಅಧ್ಯಾಪಿಕೆಯಾಗಿ ನನಗೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇಲ್ಲ.

ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ನಮ್ಮ ಕಾಸರಗೋಡು ಜಿಲ್ಲೆಯ ಎಣ್ಮಕಜೆ, ಪಡ್ರೆ, ಸ್ವರ್ಗ ನಮಗೆ ಬಸ್ಸಿನ ದಾರಿ. 1970ರ ದಶಕದ ಕೊನೆಯಿಂದ 2000ದವರೆಗೆ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದನ್ನು ನಿಮ್ಮಲ್ಲಿ ಕೆಲವರು ಅಂಗಳದಲ್ಲಿ ನಿಂತು ನೋಡಿದ್ದೀರಿ. ಆ ಮನೆಗಳ ಮಕ್ಕಳ ಸ್ಥಿತಿ ನಾನು ಬರೆದು ಹೇಳಬೇಕಾಗಿಲ್ಲ. ಆ ತಾಯಂದಿರಿಗೆ ಅಕ್ಕಿ ಚೀಲ ಕೊಟ್ಟವರು ಬಹಳ ಮಂದಿ. ಆದರೆ ಆ ತಾಯಂದಿರು ಬೀದಿಗಿಳಿದು ಕೇಳಿದ್ದು ಚಿಕಿತ್ಸೆ, ಪರಿಹಾರ, ತಾವು ಸತ್ತ ಮೇಲೆ ಮಗುವನ್ನು ನೋಡಿಕೊಳ್ಳುವವರು ಯಾರು ಎಂಬುದಕ್ಕೆ ಉತ್ತರ. ಸುಪ್ರೀಂ ಕೋರ್ಟು 2011ರಲ್ಲಿ ಆ ವಿಷವನ್ನು ನಿಷೇಧಿಸಿತು, 2017ರಲ್ಲಿ ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದಿತು. 2022ರ ಮೇ ತಿಂಗಳಲ್ಲೂ ಹೆಚ್ಚಿನವರಿಗೆ ಅದು ತಲುಪಿರಲಿಲ್ಲ. ಆ ವರ್ಷದ ಅಕ್ಟೋಬರಿನಲ್ಲಿ ತಿರುವನಂತಪುರದ ಸೆಕ್ರೆಟೇರಿಯಟ್ ಎದುರು ಈ ಕುಟುಂಬಗಳಿಗಾಗಿ ಎಂಬತ್ತು ದಾಟಿದ ದಯಾಬಾಯಿ ಎರಡು ವಾರಕ್ಕೂ ಮಿಕ್ಕಿ ಉಪವಾಸ ಕೂತರು. ಪಾಲಾದ ಕಥೋಲಿಕ ಮನೆಯಲ್ಲಿ ಹುಟ್ಟಿ, ಕನ್ಯಾಮಠ ಸೇರಿ, ಅಲ್ಲಿಂದ ಹೊರಬಂದು ಮಧ್ಯಪ್ರದೇಶದ ಗೋಂಡ ಆದಿವಾಸಿಗಳ ನಡುವೆ ಬದುಕು ಕಳೆದವರು ಅವರು. ಕಾಸರಗೋಡಿನಲ್ಲಿ ಅವರಿಗೆ ನೆಂಟರಿಲ್ಲ, ಮತವಿಲ್ಲ. ಈ ಜಿಲ್ಲೆಗೆ ಒಳ್ಳೆಯ ಆಸ್ಪತ್ರೆ ಬೇಕು ಎಂದು ಆ ವಯಸ್ಸಿನಲ್ಲಿ ಬೀದಿ ಬದಿಯಲ್ಲಿ ಮಲಗಿದರು. ಏಳನೇ ತರಗತಿಯ ಮಕ್ಕಳಿಗೆ ಈ ತಿಂಗಳು ಅವರ ಕತೆಯನ್ನು ನಾನೇ ಹೇಳುತ್ತೇನೆ.

ಆದ್ದರಿಂದ ಮಕ್ಕಳು ಮನೆಗೆ ಬಂದು, ಸಾವಿರ ಬೀಡಿಗೆ ಎಷ್ಟು ಸಿಗುತ್ತದೆ, ಅಡಿಕೆ ಸುಲಿದರೆ ಕಿಲೋಗೆ ಎಷ್ಟು, ನಮ್ಮ ರೇಶನ್ ಕಾರ್ಡಿನ ಬಣ್ಣ ಯಾಕೆ ಹೀಗೆ ಎಂದು ಕೇಳಿದರೆ ಗದರಬೇಡಿ. ಹೇಳಬಹುದಾದಷ್ಟು ಹೇಳಿ. ಹೇಳಲು ಇಷ್ಟವಿಲ್ಲದಿದ್ದರೆ ಬೇಡ, ತರಗತಿಯಲ್ಲಿ ಯಾರ ಮನೆಯ ಲೆಕ್ಕವನ್ನೂ ಬಾಯಿಬಿಡಿಸುವುದಿಲ್ಲ.

ಡಬ್ಬಿಗಳನ್ನು ತಿಂಗಳ ಕೊನೆಯ ಶುಕ್ರವಾರ ಕಳಿಸಿದರೆ ಸಾಕು. ಮಳೆಯಿದ್ದರೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿಕೊಡಿ, ಕಳೆದ ಸಲ ಕೆಲವು ಡಬ್ಬಿಗಳ ತಳ ಒದ್ದೆಯಾಗಿ ಅಕ್ಕಿ ದಾರಿಯಲ್ಲೇ ಚೆಲ್ಲಿತ್ತು. ಇನ್ನೊಂದು ಮಾತು: ಕುಚ್ಚಲಕ್ಕಿ ಮತ್ತು ಬೆಳ್ತಿಗೆ ಅಕ್ಕಿಯನ್ನು ಒಂದೇ ಡಬ್ಬಿಯಲ್ಲಿ ಬೆರೆಸಬೇಡಿ. ಎರಡರಲ್ಲಿ ಯಾವುದನ್ನಾದರೂ ಹಾಕಿ. ಅವು ಬೇಯುವ ಹೊತ್ತು ಬೇರೆ ಬೇರೆ. ಬೆರೆತ ಅಕ್ಕಿ ಕೊಟ್ಟರೆ ಆ ಮನೆಯ ತಾಯಿ ಗೆರಸೆ ಹಿಡಿದು ಕೂತು ಕಾಳು ಕಾಳು ಆರಿಸಬೇಕಾಗುತ್ತದೆ.

ಇತಿ ನಿಮ್ಮ,
ಮುಖ್ಯೋಪಾಧ್ಯಾಯಿನಿ